ಮೊದಲು ಕೊಟ್ಟಿಗೆ, ಆಮೇಲೆ ಎತ್ತು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ನೆದರ್‌ಲೆಂಡ್ಸ್‌ನ ಪೆಟ್ಟಿಗೆ ಸೈಕಲ್ಲಿನ ಫೋಟೊ ಹಾಕಿದ್ದಿರಿ. ಮುಂದೆ ಮರದ ಪೆಟ್ಟಿಗೆ, ಒಳಗೆ ಎರಡು ಮಕ್ಕಳು, ಹಿಂದೆ ನಗುತ್ತಾ ಪೆಡಲ್ ತುಳಿಯುವ ಅಮ್ಮ. ಚೆನ್ನಾಗಿತ್ತು. ಆದರೆ ಅದನ್ನು ನೋಡಿದ ಮೇಲೆ ಬೆಂಗಳೂರಿನಿಂದ ನನ್ನ ತಂಗಿಯೂ ಸೇರಿ ನಾಲ್ಕು ಜನ ಅದೇ ಫೋಟೊ ನನಗೆ ಕಳಿಸಿ, "ನಿಮ್ಮ ಹತ್ರ ಇರೋದು ಇದೇ ಅಲ್ವಾ? ನಾವೂ ಒಂದು ತಗೊಳ್ಳೋದಾ?" ಅಂತ ಕೇಳಿದ್ದಾರೆ. ಒಬ್ಬೊಬ್ಬರಿಗೂ ಬರೆಯುವ ಬದಲು ನಿಮಗೇ ಬರೆಯುತ್ತಿದ್ದೇನೆ.

ನಾನಿರುವುದು ಅದೇ ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಇಲ್ಲಿ ಇದಕ್ಕೆ ಬಾಕ್‌ಫೀಟ್ಸ್ ಅಂತಾರೆ. ಬಾಕ್ ಅಂದರೆ ಪೆಟ್ಟಿಗೆ, ಫೀಟ್ಸ್ ಅಂದರೆ ಸೈಕಲ್, ಅಷ್ಟೇ. ಹಿಂದೆ ಅಂಗಡಿಯವರು ಸಾಮಾನು ಸಾಗಿಸುತ್ತಿದ್ದ ಗಾಡಿ, ಈಗ ಮಕ್ಕಳ ಗಾಡಿ ಆಗಿದೆ. ದಾವಣಗೆರೆಯಿಂದ ನಮ್ಮ ಅತ್ತೆ ಬಂದಾಗ ಅದರ ಸುತ್ತ ಒಂದು ಸಲ ಓಡಾಡಿ ನೋಡಿ, "ಇದು ನಮ್ಮ ಹಾಲಿನವನ ಸೈಕಲ್ಲೇ ಅಲ್ವೇನೇ, ಕ್ಯಾನಿನ ಜಾಗದಲ್ಲಿ ಮಕ್ಕಳನ್ನ ಕೂರಿಸಿದ್ದೀರಿ" ಅಂದುಬಿಟ್ಟರು. ಬೆಲೆ ಮಾತ್ರ ಹೇಳಬೇಡ ಅಂತ ಗಂಡ ಕಣ್ಸನ್ನೆ ಮಾಡಿದರು.

ನಾವು ಮೊದಲು ತಗೊಂಡದ್ದು ಮೂರು ಚಕ್ರದ್ದು, ಸೆಕೆಂಡ್ ಹ್ಯಾಂಡ್. ಮೂರು ಚಕ್ರ ಇದ್ದರೆ ಬೀಳಲ್ಲ ಅಂತ ಯಾರಿಗಾದರೂ ಅನ್ನಿಸುತ್ತೆ. ನಿಂತಾಗ ಬೀಳಲ್ಲ, ನಿಜ. ಆದರೆ ಎರಡು ಚಕ್ರದ ಸೈಕಲ್ ತಿರುವಿನಲ್ಲಿ ನಮ್ಮ ಜೊತೆ ಒಳಕ್ಕೆ ವಾಲುತ್ತೆ, ಇದು ವಾಲಲ್ಲ. ಒಂದು ದಿನ ಸ್ಕೂಲಿಗೆ ತಡವಾಗಿತ್ತು. ಸೇತುವೆಯಿಂದ ಇಳಿದ ಸ್ಪೀಡಲ್ಲೇ ಬಲಕ್ಕೆ ತಿರುಗಿಸಿದೆ, ಬಲಗಡೆ ಚಕ್ರ ನೆಲ ಬಿಟ್ಟು ಎದ್ದಿತು, ನಾನು ಬ್ರೇಕ್ ಹಿಡಿಯೋ ಹೊತ್ತಿಗೆ ಪೆಟ್ಟಿಗೆ ಮಗ್ಗುಲಾಗಿ ಮಲಗಿತ್ತು. ಬೆಲ್ಟ್ ಹಾಕಿದ್ದಕ್ಕೆ ಬಚಾವ್. ಮಗನಿಗೆ ಮೊಣಕೈ ತರಚಿತು, ಮಗಳಿಗೆ ಏನೂ ಆಗಲಿಲ್ಲ. ತಿಂಡಿ ಡಬ್ಬಿ ತೆರೆದುಕೊಂಡು ಅವಲಕ್ಕಿಯೆಲ್ಲ ರಸ್ತೆ ಪಾಲು. ತಪ್ಪು ಗಾಡಿಯದ್ದಲ್ಲ, ಅದನ್ನು ನಿಧಾನಕ್ಕೆ ಓಡಿಸಬೇಕು, ನಾನು ಓಡಿಸಲಿಲ್ಲ. ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಎರಡು ಮಕ್ಕಳನ್ನು ಹೊರಡಿಸುವ ಮನೆಯಲ್ಲಿ ನಿಧಾನ ಎಲ್ಲಿಂದ ಬರಬೇಕು?

ಅದನ್ನು ಮಾರಿ ಎರಡು ಚಕ್ರದ್ದು, ಬ್ಯಾಟರಿ ಇರುವಂಥದ್ದು ತಂದೆವು. ಉದ್ದ ಎರಡೂವರೆ ಮೀಟರಿಗೂ ಜಾಸ್ತಿ, ತೂಕ ಹೆಚ್ಚುಕಡಿಮೆ 50 ಕಿಲೋ. ಮುಂದಿನ ಚಕ್ರ ಚಿಕ್ಕದು, 20 ಇಂಚಿನದು, ಪೆಟ್ಟಿಗೆಯ ಆಚೆ ಎಲ್ಲೋ ದೂರದಲ್ಲಿರುತ್ತೆ. ನಾವು ಹ್ಯಾಂಡಲ್ ತಿರುಗಿಸಿದರೆ ಕೆಳಗಿನ ಕಂಬಿ ಅದನ್ನು ತಿರುಗಿಸುತ್ತೆ. ಮೊದಲ ದಿನ ಆ ಚಕ್ರವನ್ನೇ ನೋಡಿಕೊಂಡು ಓಡಿಸಿ ಹಾವಿನ ಹಾಗೆ ಹೋದೆ. ಚಕ್ರ ನೋಡಬಾರದು, ದಾರಿ ನೋಡಬೇಕು. ಮಕ್ಕಳನ್ನು ಕೂರಿಸೋ ಮುಂಚೆ ಹತ್ತು ಕಿಲೋದ ಎರಡು ಸೋನಾ ಮಸೂರಿ ಚೀಲ ಹಾಕಿಕೊಂಡು ಖಾಲಿ ಪಾರ್ಕಿಂಗ್ ಜಾಗದಲ್ಲಿ ಎರಡು ಭಾನುವಾರ ಸುತ್ತಿದೆ. ಅಕ್ಕಿ ಅಳಲ್ಲ, ಜಗಳ ಆಡಲ್ಲ, ಕಲಿಯೋಕೆ ಒಳ್ಳೇದು.

ಮೋಟಾರು ಬೇಕಾ ಅಂತ ತಂಗಿ ಕೇಳಿದಳು. ಬೇಕು. ಇಲ್ಲಿ ದಿಣ್ಣೆ ಇಲ್ಲ, ಗಾಳಿ ಇದೆ, ಎದುರುಗಾಳಿ ದಿಣ್ಣೆಗಿಂತ ಕೆಟ್ಟದು. ಯುರೋಪಿನ ನಿಯಮದಂತೆ ಮೋಟಾರು 250 ವ್ಯಾಟ್, ಗಂಟೆಗೆ 25 ಕಿ.ಮೀ.ವರೆಗೆ ಮಾತ್ರ ತಳ್ಳುತ್ತೆ, ಆಮೇಲೆ ನಮ್ಮ ಕಾಲೇ ಗತಿ. ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕಿನ ವಿಷಯದಲ್ಲಿ ಜುಗ್ಗತನ ಮಾಡಬೇಡಿ. ಸ್ಟ್ಯಾಂಡ್ ಕೂಡ ನೋಡಿ. ಅಂಗಡಿಯಲ್ಲಿ ಇದನ್ನು ಯಾರೂ ನೋಡಲ್ಲ. ಎರಡು ಮಕ್ಕಳು ಒಳಗಿದ್ದಾಗ, ಮಳೆಯಲ್ಲಿ, ಒಂದು ಕಾಲಿಂದ ಅದುಮಿ ಹಿಂದಕ್ಕೆ ಎಳೆದರೆ ಗಾಡಿ ಅಲ್ಲಾಡದೆ ನಿಲ್ಲಬೇಕು. ಮಗು ಒಂದೇ ಕಡೆಯಿಂದ ಹತ್ತಿದರೂ ವಾಲಬಾರದು.

ಬೆಲೆ ಸುಮಾರು 6,000 ಯೂರೋ. ಅಂದರೆ 5 ಲಕ್ಷ ರೂಪಾಯಿ ದಾಟಿತು. "ಆ ದುಡ್ಡಿಗೆ ಕಾರೇ ಬರ್ತಿತ್ತಲ್ಲೇ" ಅಂತ ಅಮ್ಮ ಇನ್ನೂ ಹೇಳುತ್ತಾಳೆ. ಇಲ್ಲಿ ತುಂಬಾ ಜನ ಕಂಪನಿ ಮೂಲಕ ಲೀಸ್‌ಗೆ ತಗೊಳ್ಳುತ್ತಾರೆ. 2020ರಿಂದ ನಿಯಮ ಸುಲಭ ಆಗಿದೆ, ಕಂಪನಿ ಕೊಟ್ಟ ಸೈಕಲ್ಲಿನ ಬೆಲೆಯಲ್ಲಿ ಶೇ 7ರಷ್ಟನ್ನು ಮಾತ್ರ ನಮ್ಮ ವರ್ಷದ ಆದಾಯಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಮಾತ್ರ ಒಂದು ವಿಷಯ ನೆನಪಿಡಿ. 2024ರ ಫೆಬ್ರವರಿಯಲ್ಲಿ ಇಲ್ಲಿನ ಸರ್ಕಾರದ ಗ್ರಾಹಕ ಸುರಕ್ಷತಾ ಸಂಸ್ಥೆ, ಫ್ರೇಮ್ ತುಂಡಾಗುವ ಅಪಾಯ ಇದೆ ಅಂತ ಬಾಬು ಕಂಪನಿಯ ಪೆಟ್ಟಿಗೆ ಸೈಕಲ್‌ಗಳ ಮಾರಾಟ ನಿಲ್ಲಿಸಿತು. (ಹೆಸರು ನಮ್ಮ ಬಾಬು ತರಾನೇ ಕೇಳಿಸುತ್ತೆ, ಡಚ್ ಕಂಪನಿ.) ಹಾಗಾಗಿ ಹಳೇದು ಸಿಕ್ಕರೆ ಅಗ್ಗ ಅಂತ ಕುಣಿಯಬೇಡಿ. ಮಾಡೆಲ್ ಯಾವುದು, ಕಂಪನಿ ವಾಪಸ್ ಕರೆದದ್ದಾ ನೋಡಿ, ಬೆಸುಗೆ ಹಾಕಿದ ಕಡೆಯೆಲ್ಲ ಟಾರ್ಚ್ ಹಿಡಿದು ಬಿರುಕು ಹುಡುಕಿ.

ಇಷ್ಟೆಲ್ಲ ಬರೆದರೂ ನಮ್ಮನ್ನು ನಿಜವಾಗಿ ಸತಾಯಿಸಿದ್ದು ಬೇರೆ. ರಾತ್ರಿ ಈ ಗಾಡಿ ಎಲ್ಲಿ ಮಲಗುತ್ತೆ? ಎತ್ತು ತರೋ ಮೊದಲು ಕೊಟ್ಟಿಗೆ ನೋಡಬೇಕಲ್ವಾ? ನಾವು ನೋಡಲಿಲ್ಲ. ನಮ್ಮದು ಮೂರನೇ ಮಹಡಿ, ಲಿಫ್ಟ್ ಚಿಕ್ಕದು. ಕೆಳಗಿನ ಓಣಿಯಲ್ಲಿ ನಿಲ್ಲಿಸಿದೆವು, ಬೆಂಕಿ ಬಿದ್ದರೆ ಜನ ಹೊರಗೆ ಬರೋ ದಾರಿ ಅದು ಅಂತ ಹದಿನೈದು ದಿನದಲ್ಲಿ ನೋಟಿಸ್ ಬಂತು. ಅವರು ಹೇಳಿದ್ದೇ ಸರಿ. ಹೊರಗೆ ಕಂಬಕ್ಕೆ ಕಟ್ಟಿದರೆ ಕಳ್ಳರ ಭಯ. ವಿಮೆಯವರು ಮಾನ್ಯತೆ ಇರುವ ಬೀಗವೇ ಆಗಬೇಕು, ಕಳುವಾದರೆ ಎರಡೂ ಕೀ ತಂದು ಕೊಡಬೇಕು ಅಂತಾರೆ. ಒಂದು ಚಳಿಗಾಲ ಪೂರ್ತಿ ರಾತ್ರಿ ಎರಡು ಸಲ ಎದ್ದು ಕಿಟಕಿಯಿಂದ ಇಣುಕಿ ನೋಡುತ್ತಿದ್ದೆ. ಕೊನೆಗೆ ಪಕ್ಕದ ಬೀದಿಯಲ್ಲಿ ತಿಂಗಳಿಗೆ 120 ಯೂರೋ ಕೊಟ್ಟು ಒಂದು ಗ್ಯಾರೇಜ್ ಬಾಡಿಗೆ ಹಿಡಿದೆವು. ಕಾರಿಲ್ಲದ ಮನೆಗೆ ಗ್ಯಾರೇಜು! ಮೊದಲೇ ಯೋಚಿಸಿದ್ದರೆ ಪೆಟ್ಟಿಗೆ ಬಿಟ್ಟು, ಮಕ್ಕಳು ಹಿಂದಿನ ಉದ್ದ ಕ್ಯಾರಿಯರ್ ಮೇಲೆ ಕೂರುವಂಥದ್ದು ತಗೊಳ್ಳುತ್ತಿದ್ದೆ. ಅದರಲ್ಲಿ ಟರ್ನ್ ಕಂಪನಿಯ ಜಿಎಸ್‌ಡಿಯಂಥದ್ದು ಮಾಮೂಲಿ ಸೈಕಲ್ಲಿನಷ್ಟೇ ಉದ್ದ, ಹಿಂಭಾಗದ ಮೇಲೆ ನೆಟ್ಟಗೆ ನಿಲ್ಲಿಸಿ ಮೂಲೆಗೆ ಸೇರಿಸಬಹುದು.

ಈಗ ಬೆಂಗಳೂರಿಗೆ ಬರೋಣ. ತಮಾಷೆ ಏನಂದರೆ ಅಲ್ಲಿ ಕೊಟ್ಟಿಗೆ ಇದೆ. ತಂಗಿಯ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಜಾಗ ಇದೆ, ಚಾರ್ಜಿಂಗ್ ಪಾಯಿಂಟ್ ಇದೆ, ಗೇಟಿನಲ್ಲಿ ವಾಚ್‌ಮನ್ ಇದ್ದಾರೆ. ಕಾನೂನಿನ ಅಡ್ಡಿಯೂ ಕಡಿಮೆ. ನಮ್ಮ ದೇಶದಲ್ಲೂ ಮೋಟಾರು 250 ವ್ಯಾಟ್‌ಗಿಂತ ಕಮ್ಮಿ, ವೇಗ 25 ಕಿ.ಮೀ. ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಒಳಗೆ ಇದ್ದರೆ ಅದು ಮೋಟಾರು ವಾಹನವೇ ಅಲ್ಲ, ಲೈಸೆನ್ಸು ಬೇಡ. ಇಲ್ಲದಿರೋದು ರಾತ್ರಿಯ ಜಾಗ ಅಲ್ಲ, ಹಗಲಿನ ಜಾಗ, ಅಂದರೆ ಓಡಿಸೋಕೆ ಸರಿಯಾದ ದಾರಿ. ಹಂಪ್ ದಾಟುವಾಗ ಉದ್ದ ಗಾಡಿಯ ಬುಡ ಉಜ್ಜಬಹುದು, ಹಳ್ಳಕ್ಕೆ ಮೊದಲು ಇಳಿಯೋದು ಆ ಚಿಕ್ಕ ಚಕ್ರವೇ, ಮತ್ತು ಪಕ್ಕದಲ್ಲಿ ಬರುವ ಬಸ್ಸಿನವರಿಗೆ ಮುಂದಿನ ಪೆಟ್ಟಿಗೆಯಲ್ಲಿ ಮಗು ಇದೆ ಅಂತ ಗೊತ್ತೇ ಆಗಲ್ಲ.

ನಿಮ್ಮ ಫೋಟೊದ ಕೆಳಗೆ "ಸೈಕಲ್ ಇವರ ರಕ್ತದಲ್ಲೇ ಇದೆ" ಅಂತ ಬರೆದಿದ್ದಿರಿ. ಇದೊಂದನ್ನು ನಾನು ಒಪ್ಪಲ್ಲ. 1971ರಲ್ಲಿ ಇದೇ ದೇಶದ ರಸ್ತೆ ಅಪಘಾತಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು ಬೀದಿಗಿಳಿದು "ಮಕ್ಕಳ ಕೊಲೆ ನಿಲ್ಲಿಸಿ" ಅಂತ ಕೂಗಿದರು. ಸೈಕಲ್ ದಾರಿಗಳು ಬಂದದ್ದು ಅಂಥ ಹೋರಾಟದಿಂದ, ರಕ್ತದಿಂದಲ್ಲ. ನಾನು ಅವಲಕ್ಕಿ ಚೆಲ್ಲಿದ್ದು ಬರೀ ಸೈಕಲ್‌ಗೆ ಅಂತ ಮಾಡಿದ ದಾರಿಯಲ್ಲಿ. ಹಿಂದೆ ಲಾರಿ ಇರಲಿಲ್ಲ. ಅದಕ್ಕೇ ಇವತ್ತು ಕೂತು ನಗ್ತಾ ಬರೀತಿದ್ದೀನಿ.

ತಂಗಿಗೆ ಇಷ್ಟೇ ಹೇಳಿದೆ. ಸೈಕಲ್ ತರಿಸೋದು ಆಮೇಲೆ, ಮೊದಲು ನಿನ್ನ ಹಳೇ ಸೈಕಲ್ಲಲ್ಲಿ ಒಬ್ಬಳೇ, ಸ್ಕೂಲ್ ಟೈಮಿಗೇ ಒಂದು ವಾರ ಹೋಗಿ ಬಾ ಅಂತ. ಮೂರನೇ ದಿನ ಫೋನ್ ಮಾಡಿದ್ದಳು. ಒಳಗಿನ ರಸ್ತೆಗಳಲ್ಲಿ ಪರವಾಗಿಲ್ಲವಂತೆ, ಹಂಪ್ ಮಾತ್ರ ಹನ್ನೊಂದು, ಮೇನ್ ರೋಡ್ ದಾಟೋ ಒಂದು ಕಡೆ ಇಳಿದು ತಳ್ಳಿಕೊಂಡು ಹೋದಳಂತೆ. ಇನ್ನೂ ಎರಡು ದಿನ ಬಾಕಿ ಇದೆ.

ನಿಮ್ಮ ಓದುಗರಲ್ಲೊಬ್ಬಳು,
ಐಂಡ್‌ಹೋವನ್, ನೆದರ್‌ಲೆಂಡ್ಸ್