ತೆಪ್ಪ, ಬಲೆ, ಕಯಾಕ್‌ಗಳಿಗೂ ಒಂದು ನೋಂದಣಿ ಸಂಖ್ಯೆ ಬೇಕು

ಮಾನ್ಯ ಸಂಪಾದಕರೇ,

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಅಂಚಿನ ಹಳ್ಳಿಗಳಲ್ಲಿ, ಸಂಜೆ ಬಿಟ್ಟ ಬಲೆ ಬೆಳಗಿನ ಹೊತ್ತಿಗೆ ಇಲ್ಲವಾಗುವುದು, ದಡದಲ್ಲಿ ಮಗುಚಿಟ್ಟ ಫೈಬರ್ ತೆಪ್ಪ ಕಾಣೆಯಾಗುವುದು ಮೀನುಗಾರರಿಗೆ ಹೊಸ ಸಂಕಟವಲ್ಲ. ಈಚೆಗೆ ಹವ್ಯಾಸಕ್ಕಾಗಿ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ) ಮತ್ತು ಗಾಳದ ಕೋಲು ಹಿಡಿದು ನೀರಿಗಿಳಿಯುವ ಯುವಕರೂ ಇದೇ ದೂರು ಹೇಳತೊಡಗಿದ್ದಾರೆ. ಕಯಾಕ್ ಕಳೆದುಕೊಂಡವನಿಗೆ ಒಂದು ಹವ್ಯಾಸ ತಪ್ಪಬಹುದು; ತೆಪ್ಪ ಕಳೆದುಕೊಂಡವನಿಗೆ ಮರುದಿನದ ದುಡಿಮೆಯೇ ತಪ್ಪುತ್ತದೆ. ಆದರೂ ಇಬ್ಬರಿಗೂ ಬೇಕಾದ ಪರಿಹಾರ ಒಂದೇ ಆಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಾವಲು ಹಾಕಿ ಎಂಬ ಸಲಹೆ ಸುಲಭವಾಗಿ ಬರುತ್ತದೆ. ಎರಡು ಗುಡ್ಡಗಳ ನಡುವಿನ ಸೂಳೆಕೆರೆಯ ಏರಿಯ ಉದ್ದ ಕಡಿಮೆ, ನೀರಿನ ಅಂಚು ಮಾತ್ರ ಹತ್ತಾರು ಮೈಲಿ ಸುತ್ತುತ್ತದೆ. ಏರಿಯ ಮೇಲೆ ಒಬ್ಬ ಕಾವಲುಗಾರನನ್ನು ನಿಲ್ಲಿಸಿದರೆ ಆಚೆ ದಡದಲ್ಲಿ ನಡೆಯುವುದು ಅವನಿಗೆ ಕಾಣುವುದಿಲ್ಲ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ತೆಪ್ಪಗಳೂ ಊರಿನಿಂದ ದೂರವಾಗುತ್ತವೆ. ಬಲೆಯ ಕಥೆ ಇನ್ನೂ ಕಷ್ಟದ್ದು. ಕಳ್ಳನು ಆತುರದಲ್ಲಿ ಬೆಂಡು ಕಟ್ಟಿದ ಮೇಲಿನ ಹಗ್ಗವನ್ನು ಕೊಯ್ದು ಸಿಕ್ಕಷ್ಟನ್ನು ಎಳೆದೊಯ್ದರೆ, ಉಳಿದ ನೈಲಾನ್ ತುಂಡು ನೀರಿನಲ್ಲೇ ಮುಳುಗಿ, ಎತ್ತುವವರಿಲ್ಲದೆ ಮೀನುಗಳನ್ನು ಸಿಕ್ಕಿಸಿಕೊಂಡು ಕೊಲ್ಲುತ್ತಲೇ ಇರುತ್ತದೆ. ಆ ನಷ್ಟ ಬಲೆಯ ಮಾಲೀಕನೊಬ್ಬನದಲ್ಲ, ಇಡೀ ಕೆರೆಯದು.

ಬೀಗ ಬೇಕು, ಆದರೆ ಅದನ್ನು ಎಲ್ಲಿ ಹಾಕುತ್ತೇವೆ ಎಂಬುದು ಮುಖ್ಯ. ಕಯಾಕ್‌ನ ತುದಿಯಲ್ಲಿರುವ ಹಿಡಿಕೆ ಸಾಮಾನ್ಯವಾಗಿ ಹಗ್ಗದ್ದು ಅಥವಾ ಪಟ್ಟಿಯದು. ಅದಕ್ಕೆ ಎಷ್ಟು ದಪ್ಪ ಸರಪಳಿ ಬಿಗಿದರೂ ಚಾಕುವಿನ ಒಂದು ಎಳೆತಕ್ಕೆ ಕಯಾಕ್ ಬಿಡಿಸಿಕೊಳ್ಳುತ್ತದೆ. ಮೇಲೆ ಕೂರುವ ಮಾದರಿಯ ಕಯಾಕ್‌ನಲ್ಲಿ ನೀರು ಇಳಿದುಹೋಗಲು ತಳದವರೆಗೆ ಕೊರೆದ ರಂಧ್ರಗಳಿರುತ್ತವೆ. ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ಕೇಬಲ್ಲನ್ನು ಅವುಗಳ ಮೂಲಕ ಹಾಯಿಸಿ ಮರಕ್ಕೋ ನೆಲದಲ್ಲಿ ಹೂತ ಕಬ್ಬಿಣದ ಕಂಬಕ್ಕೋ ಬೀಗ ಹಾಕಿದರೆ, ಕಯಾಕ್ ಒಯ್ಯಲು ಅದರ ಒಡಲನ್ನೇ ಕತ್ತರಿಸಬೇಕಾಗುತ್ತದೆ. ಫೈಬರ್ ತೆಪ್ಪದ ಅಂಚಿನ ಗಟ್ಟಿ ಭಾಗದಲ್ಲಿಯೂ ಬೋಲ್ಟ್ ಹಾಕಿಸಿ ಹೀಗೆಯೇ ಮಾಡಬಹುದು. ಹುಟ್ಟು, ಗಾಳ, ಬ್ಯಾಟರಿಗಳನ್ನು ಮನೆಗೆ ಒಯ್ಯುವುದಂತೂ ಖರ್ಚಿಲ್ಲದ ಎಚ್ಚರಿಕೆ.

ಆದರೆ ಬೀಗ ಕಳ್ಳನನ್ನು ತಡೆಯುತ್ತದೆಯೇ ಹೊರತು, ಸಿಕ್ಕ ಮಾಲು ಯಾರದೆಂದು ಹೇಳುವುದಿಲ್ಲ. ನಿಜವಾದ ತೊಡಕು ಇಲ್ಲಿದೆ. ಒಂದೇ ಅಚ್ಚಿನಿಂದ ಬಂದ ನೀಲಿ ತೆಪ್ಪಗಳು ಹತ್ತು ಊರುಗಳಲ್ಲಿರುವಾಗ, ಪಕ್ಕದ ಊರಿನ ದಡದಲ್ಲಿ ಕಂಡದ್ದು ತನ್ನದೇ ಎಂದು ಬಡ ಮೀನುಗಾರ ಯಾವ ಆಧಾರದಿಂದ ಸಾಧಿಸಬೇಕು?

2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನು ಈ ಪ್ರಶ್ನೆಯನ್ನು ಇನ್ನಷ್ಟು ಬಿಗಿಗೊಳಿಸಿದೆ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಡಿ ಕಳವಿಗೆ ಮೂರು ವರ್ಷಗಳವರೆಗೆ ಶಿಕ್ಷೆಯಿದೆ. ಆದರೆ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿ ತಪ್ಪಿತಸ್ಥನಾದವನು ಮಾಲನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಅಂಥ ಸಣ್ಣ ಮೊತ್ತದ ಕಳವನ್ನು ಅಸಂಜ್ಞೇಯ ಅಪರಾಧಗಳ ಸಾಲಿಗೆ ಸೇರಿಸಿರುವುದರಿಂದ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಆರಂಭಿಸುವಂತಿಲ್ಲ. ಬಲೆಯ ಬೆಲೆ ಈ ಗೆರೆಯ ಆಚೀಚೆಯೇ ಸುಳಿಯುತ್ತದೆ. ಜಾಲರಿಯನ್ನು ತೂಕಕ್ಕೆ ಕೊಂಡು, ಹಗ್ಗ, ಬೆಂಡು, ಸೀಸದ ಗುಂಡುಗಳನ್ನು ಬೇರೆಬೇರೆಯಾಗಿ ತಂದು, ಮನೆಯವರೆಲ್ಲ ಕೂತು ಕಟ್ಟಿದ ಬಲೆಗೆ ಒಂದೇ ರಸೀದಿ ಇರುವುದಿಲ್ಲ. ಠಾಣೆಯಲ್ಲಿ ಜಾಲರಿಯ ಬೆಲೆಯನ್ನಷ್ಟೇ ಹೇಳಿ ದೂರು ಬರೆಸಿದವನು ತನ್ನ ದೂರನ್ನು ತಾನೇ ದುರ್ಬಲಗೊಳಿಸಿಕೊಂಡಂತೆ. ಬಿಡಿಭಾಗಗಳ ರಸೀದಿಗಳನ್ನೆಲ್ಲ ಒಂದೆಡೆ ಇಟ್ಟು, ಬಲೆಯ ಉದ್ದ, ಕಣ್ಣಿನ ಅಳತೆ, ಬೆಂಡಿನ ಬಣ್ಣ ಕಾಣುವ ಫೋಟೊ ತೆಗೆದಿಡುವಂತೆ ಮೀನುಗಾರರ ಸಹಕಾರ ಸಂಘಗಳು ಸದಸ್ಯರಿಗೆ ತಿಳಿಹೇಳಬೇಕು.

ನನ್ನ ಮುಖ್ಯ ಕೋರಿಕೆ ಇರುವುದು ಗ್ರಾಮ ಪಂಚಾಯಿತಿ ಮತ್ತು ಮೀನುಗಾರಿಕೆ ಇಲಾಖೆಗೆ. ಕಡಲಿನ ದೋಣಿಗಳಿಗೆ 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಕಾಲದಿಂದಲೂ ನೋಂದಣಿಯಿದೆ. ಒಳನಾಡಿನಲ್ಲಿ ಯಂತ್ರವಿಲ್ಲದ ದೋಣಿಗಳನ್ನೂ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ದಾಖಲಿಸಿಕೊಳ್ಳುವುದಕ್ಕೆ 2021ರ ಒಳನಾಡು ನೌಕೆಗಳ ಕಾಯ್ದೆ ದಾರಿ ತೆರೆದಿದೆ. ತೆಪ್ಪಕ್ಕೂ ಕಯಾಕ್‌ಗೂ ಪಂಚಾಯಿತಿಯ ಪುಸ್ತಕದಲ್ಲಿ ಒಂದು ಸಂಖ್ಯೆ ಕೊಟ್ಟು, ಅದನ್ನು ಹೊರಮೈಯಲ್ಲಿ ದೊಡ್ಡದಾಗಿ ಬರೆಸಿ, ಮಾಲೀಕನಿಗೆ ಮಾತ್ರ ಗೊತ್ತಿರುವ ಒಳಮೂಲೆಯಲ್ಲಿ ಮತ್ತೊಮ್ಮೆ ಕೊರೆಸಬೇಕು. ಬಣ್ಣ ಕೆರೆದರೂ ಕೊರೆದದ್ದು ಉಳಿಯುತ್ತದೆ. ಬಲೆಯ ಮೇಲಿನ ಹಗ್ಗಕ್ಕೆ ಅದೇ ಸಂಖ್ಯೆಯ ಬಿಲ್ಲೆಗಳನ್ನು ಕಟ್ಟಬಹುದು. ಮೀನುಗಾರಿಕೆ ಸಲಕರಣೆಗಳಿಗೆ ಗುರುತು ಹಾಕುವ ಬಗ್ಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲೇ ಮಾರ್ಗಸೂಚಿ ಒಪ್ಪಿಕೊಂಡಿದೆ. ಸಹಾಯಧನದಲ್ಲಿ ಇಲಾಖೆ ಕೊಡುವ ತೆಪ್ಪ ಮತ್ತು ಸಲಕರಣೆಗಳಿಗೆ ವಿತರಣೆಗೆ ಮುನ್ನವೇ ಸಂಖ್ಯೆ ಒತ್ತಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಸಂಖ್ಯೆಯಿದ್ದಾಗ ಕೊಳ್ಳುವವನಿಗೂ ನೆಪ ಉಳಿಯುವುದಿಲ್ಲ. ಕದ್ದದ್ದೆಂದು ತಿಳಿದೂ ಮಾಲು ಪಡೆಯುವುದು ಅದೇ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಬೇರೆಯೇ ಅಪರಾಧವಾಗಿದ್ದರೂ, ‘ನನಗೆ ತಿಳಿದಿರಲಿಲ್ಲ’ ಎಂಬ ಮಾತೇ ಇಂದು ಅಂಥವರನ್ನು ಕಾಯುತ್ತಿದೆ.

ಹೆಸರು ಬರೆಸಿದರೆ ನಾಳೆ ತೆರಿಗೆ ಬಂದೀತೆಂಬ ಭಯ ನಮ್ಮ ಮೀನುಗಾರರಲ್ಲಿದೆ, ಮತ್ತು ಅದು ನಿರಾಧಾರವೆಂದು ನಾನು ಹೇಳಲಾರೆ. ಆದ್ದರಿಂದ ಈ ದಾಖಲಾತಿಗೆ ಈಗಲೂ ಮುಂದೆಯೂ ಶುಲ್ಕವಿರುವುದಿಲ್ಲವೆಂದು ಪಂಚಾಯಿತಿಗಳು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ಆ ನಿರ್ಣಯದ ಪ್ರತಿಯನ್ನು ಸಹಕಾರ ಸಂಘದ ಕಚೇರಿಯಲ್ಲಿ ಅಂಟಿಸಿದ ಮೇಲೆಯೇ ಸಂಖ್ಯೆ ಕೊಡುವ ಕೆಲಸ ಆರಂಭಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓದುಗ, ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ