ಕಪ್ತಾನನ ಮನೆಗೆ ಯಾವ ನಾಯಿ?

ಪ್ರಿಯ ಕಪ್ತಾನ,

ನೀನು ಕಳಿಸಿದ ಫೋಟೊಗಳನ್ನೆಲ್ಲ ನೋಡಿದೆ. ಬಾರ್ಡರ್ ಕೋಲಿ, ಹಸ್ಕಿ, ಡಾಲ್ಮೇಷಿಯನ್, ಫ್ರೆಂಚ್ ಬುಲ್‌ಡಾಗ್. ಕೊನೆಯಲ್ಲಿ, "ಇವುಗಳಲ್ಲಿ ನಮ್ಮ ಮನೆಗೆ ಯಾವುದು ಹೊಂದುತ್ತದೆ, ಒಂದೇ ಮಾತಿನಲ್ಲಿ ಹೇಳು" ಎಂದಿದ್ದೀಯ. ಒಂದೇ ಮಾತಿನಲ್ಲಿ ಹೇಳುವವನು ನಮ್ಮಿಬ್ಬರಲ್ಲಿ ಯಾರು ಎಂಬುದು ಆ ಛತ್ರಿಯ ಪ್ರಕರಣದಲ್ಲೇ ತೀರ್ಮಾನವಾಗಿದೆ, ಮತ್ತೆ ಎತ್ತುವುದಿಲ್ಲ. ನನ್ನ ಉತ್ತರ ಉದ್ದವಾಗಿದೆ. ಇದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡ ಇನ್ನೂ ನಾಲ್ಕು ಜನ ಓದಲಿ ಎಂದು ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ. ನಿನ್ನ ಮನೆಯ ಗುಟ್ಟು ಯಾವುದನ್ನೂ ಬಿಟ್ಟುಕೊಡುವುದಿಲ್ಲ, ಹೆದರಬೇಡ.

ಈ ತಳಿಗಳಲ್ಲಿ ಹೆಚ್ಚಿನವು ಒಂದೊಂದು ಕೆಲಸಕ್ಕಾಗಿ ಹುಟ್ಟಿದವು. ಜಗತ್ತಿನ ತಳಿಗಳನ್ನು ಪಟ್ಟಿ ಮಾಡುವ ಎಫ್‌ಸಿಐ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಅವನ್ನು ಹತ್ತು ಗುಂಪುಗಳಾಗಿ ಹಂಚುವಾಗಲೂ ಬಹುಮಟ್ಟಿಗೆ ಕೆಲಸವನ್ನೇ ನೋಡುತ್ತದೆ: ಮಂದೆ ಕಾಯುವವು, ವಾಸನೆ ಹಿಡಿದು ಬೇಟೆಯಾಡುವವು, ಕಣ್ಣಳತೆಯಲ್ಲಿ ಬೆನ್ನಟ್ಟುವವು, ಹೀಗೆ. ಮಾಲೀಕನಿಗೆ ಆ ಕೆಲಸ ಬೇಡವಾಗಿರಬಹುದು. ನಾಯಿಯ ಮೈಯಿಂದ ಅದು ಹೋಗಿರುವುದಿಲ್ಲ.

ನಿನಗೆ ಬಹಳ ಹಿಡಿಸಿರುವ ಬಾರ್ಡರ್ ಕೋಲಿಯನ್ನೇ ತೆಗೆದುಕೋ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ನ ಗಡಿಸೀಮೆಯಲ್ಲಿ ಕುರಿ ಕಾಯಲೆಂದೇ ಬೆಳೆಸಿದ ನಾಯಿ ಅದು. ಇಂದಿನ ಕೋಲಿಗಳು 1893ರಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ಒಂದು ಗಂಡುನಾಯಿಯನ್ನು ತಮ್ಮ ಮೂಲಪುರುಷನೆಂದು ಹೇಳಿಕೊಳ್ಳುತ್ತವೆ. ಬೊಗಳದೆ, ಕಚ್ಚದೆ, ಬರೀ ದೃಷ್ಟಿಯಿಂದ ಕುರಿಗಳನ್ನು ಸರಿಸುತ್ತಿದ್ದ ನಾಯಿ ಎಂದು ಅದಕ್ಕೆ ಹೆಸರು. ಒಬ್ಬ ಬಂಧುವಿನ ಮನೆಯಲ್ಲಿ ಅಂಥದ್ದೊಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅಂಗಳದಲ್ಲಿ ಮಕ್ಕಳು ಓಡಾಡುತ್ತಿದ್ದರು. ನಾಯಿ ತಲೆಯನ್ನು ಭುಜಕ್ಕಿಂತ ಕೆಳಗೆ ಇಳಿಸಿ, ಒಂದು ಮುಂಗಾಲನ್ನು ಎತ್ತಿ ಹಾಗೆಯೇ ನಿಂತಿತು. ಆಮೇಲೆ ದೊಡ್ಡ ವೃತ್ತವಾಗಿ ಸುತ್ತತೊಡಗಿತು. ಗುಂಪು ಬಿಟ್ಟು ಓಡಿದ ಮಗುವಿನ ಹಿಮ್ಮಡಿಗೆ ಮೂತಿ ತಾಗಿಸಿ ಒಳಕ್ಕೆ ತಿರುಗಿಸುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಮಕ್ಕಳೆಲ್ಲ ಗೋಡೆಯ ಮೂಲೆಗೆ ಬಂದು ನಿಂತಿದ್ದರು. ಹೇಗೆ ಬಂದೆವೆಂದು ಅವರಿಗೇ ತಿಳಿದಿರಲಿಲ್ಲ. ನಾಯಿ ಅವರೆದುರು ಮಲಗಿ, ರೆಪ್ಪೆ ಬಡಿಯದೆ ನೋಡುತ್ತಿತ್ತು. ಅಷ್ಟು ತೃಪ್ತಿಯಿಂದ ಇರುವ ಜೀವವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದೇ ತಳಿಯ ಚೇಸರ್ ಎಂಬ ಹೆಣ್ಣುನಾಯಿಗೆ ಜಾನ್ ಪಿಲ್ಲಿ ಎಂಬ ನಿವೃತ್ತ ಮನಶ್ಶಾಸ್ತ್ರ ಪ್ರಾಧ್ಯಾಪಕರು 1,022 ಆಟಿಕೆಗಳ ಹೆಸರು ಕಲಿಸಿದ್ದರು. ಅಂಥ ತಲೆಯನ್ನು ನಿನ್ನ ಮೂರನೇ ಮಹಡಿಯ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಸುಮ್ಮನೆ ಕೂರಿಸಿದರೆ ಅದು ಏನು ಮಾಡೀತು? ಕೆಲಸವಿಲ್ಲದ ಕೋಲಿಗಳಲ್ಲಿ ಎಷ್ಟೋ ನಾಯಿಗಳು ಗೋಡೆಯ ಮೇಲಿನ ನೆರಳು, ಬೆಳಕಿನ ಚುಕ್ಕೆಗಳ ಬೆನ್ನು ಹತ್ತುತ್ತವೆ. ನೋಡುವವರಿಗೆ ಮೊದಮೊದಲು ಮುದ್ದೆನಿಸುತ್ತದೆ. ಅದು ಮುದ್ದಲ್ಲ, ಬಿಡಲಾಗದ ಗೀಳು.

ಹಸ್ಕಿಯ ಕಥೆಯೂ ಹೆಚ್ಚು ಬೇರೆಯಲ್ಲ. 1925ರಲ್ಲಿ ಅಲಾಸ್ಕಾದ ನೋಮ್ ಊರಿನಲ್ಲಿ ಡಿಫ್ತೀರಿಯಾ ಹರಡಿದಾಗ ಔಷಧವನ್ನು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಹಿಮದ ಮೇಲೆ, ಸರದಿಯಂತೆ ಎಳೆದು ತಂದದ್ದು ನಾಯಿಗಳ ತಂಡಗಳು. ಆ ಓಟದ ಅತಿ ಉದ್ದದ ಪಾಲನ್ನು ಮುಂದೆ ನಿಂತು ಎಳೆದ ಟೋಗೋ ಎಂಬ ನಾಯಿ ಈ ವಂಶದ್ದೇ. ನಿನ್ನ ಬೆಳಗಿನ ಇಪ್ಪತ್ತು ನಿಮಿಷದ ವಾಕಿಂಗ್ ಅದಕ್ಕೆ ಯಾವ ಮೂಲೆಗೆ? ಡಾಲ್ಮೇಷಿಯನ್ ಕೂಡ ಸಾರೋಟಿನ ಜೊತೆ ಓಡಿ ಬೆಳೆದದ್ದು. ಹುಟ್ಟು ಕಿವುಡು ಆ ತಳಿಯಲ್ಲಿ ಹೆಚ್ಚು. ಎರಡೂ ಕಿವಿಗಳ ಪರೀಕ್ಷೆಯ ವರದಿ ನೋಡದೆ ಮರಿ ತರಬಾರದು.

ಫ್ರೆಂಚ್ ಬುಲ್‌ಡಾಗ್ ವಿಷಯದಲ್ಲಿ ಮಾತ್ರ ನೀನು ಕೇಳಿದಂತೆ ಒಂದೇ ಮಾತಿನ ಉತ್ತರ ಕೊಡುತ್ತೇನೆ: ಬೇಡ. ಮೂತಿಯನ್ನು ತಲೆಮಾರಿನಿಂದ ತಲೆಮಾರಿಗೆ ಚಪ್ಪಟೆ ಮಾಡುತ್ತಾ ಬಂದರೂ ಒಳಗಿನ ಮಾಂಸ ಅದಕ್ಕೆ ತಕ್ಕಂತೆ ಕಡಿಮೆಯಾಗಲಿಲ್ಲ. ಅದೆಲ್ಲ ಗಂಟಲಿಗೆ ಒತ್ತಿಕೊಂಡು ಉಸಿರಿಗೆ ಅಡ್ಡವಾಗುತ್ತದೆ. ವಿಡಿಯೊದಲ್ಲಿ ಕೇಳಿ ನಗುವ ಆ ಗೊರಕೆ ಉಸಿರಿಗಾಗಿ ಪಡುವ ಪಾಡು. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಉಸಿರೇ ಇಕ್ಕಟ್ಟಾದರೆ ಸೆಕೆ ಪ್ರಾಣಕ್ಕೆ ಬರುತ್ತದೆ. ಪಗ್ ನಾಯಿಗೂ ಇದೇ ಗತಿ. ನನಗೆ ಈ ವಿಷಯದಲ್ಲಿ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ.

ಅತ್ತಿಗೆಗೆ ಸೀನು ಬರುತ್ತದೆ, ಆದ್ದರಿಂದ ಅಲರ್ಜಿ ಮಾಡದ ತಳಿ ಬೇಕು ಎಂದೂ ಬರೆದಿದ್ದೀಯ. ಅಂಥ ತಳಿಯಿಲ್ಲ. ಅಲರ್ಜಿ ತರುವುದು ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನುಗಳು. ಪೂಡಲ್ ಕೂದಲು ಕಡಿಮೆ ಉದುರಿಸುತ್ತದೆ, ನಿಜ. ಜೊಲ್ಲು ಅದಕ್ಕೂ ಇದೆ. ಗಂಡನಿಗೆ ಅಲರ್ಜಿಯಿದ್ದ ಒಬ್ಬ ಅಂಧ ಮಹಿಳೆಗೆ ದಾರಿ ತೋರುವ ನಾಯಿ ಬೇಕೆಂದು ಆಸ್ಟ್ರೇಲಿಯಾದ ವಾಲಿ ಕಾನ್ರನ್ 1980ರ ದಶಕದ ಕೊನೆಯಲ್ಲಿ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿ ಲ್ಯಾಬ್ರಡೂಡಲ್ ಮಾಡಿದರು. ಅದನ್ನು ಹಿಂಬಾಲಿಸಿ ಜನ ಹಿಂದುಮುಂದು ನೋಡದೆ ಮಿಶ್ರತಳಿಗಳನ್ನು ಮಾರತೊಡಗಿದ್ದನ್ನು ಕಂಡು ಅವರೇ ಮುಂದೆ ವಿಷಾದಪಟ್ಟರು. ನೀವು ಇಷ್ಟಪಟ್ಟ ನಾಯಿಯ ಜೊತೆ, ಆ ಒಂದು ನಾಯಿಯ ಜೊತೆ, ಅತ್ತಿಗೆ ಕೆಲವು ಸಂಜೆ ಕೂತು ನೋಡಲಿ. ಬೇರೆ ದಾರಿಯಿಲ್ಲ.

ಇನ್ನು, ತಳಿಯೇ ಎಲ್ಲವನ್ನೂ ಹೇಳಿಬಿಡುತ್ತದೆ ಎಂದೂ ನಂಬಬೇಡ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ವಿವರವನ್ನು ಅವುಗಳ ಮಾಲೀಕರಿಂದ ಪಡೆಯಿತು. ಒಂದು ನಾಯಿಗೂ ಇನ್ನೊಂದಕ್ಕೂ ನಡವಳಿಕೆಯಲ್ಲಿ ಇರುವ ವ್ಯತ್ಯಾಸದಲ್ಲಿ ತಳಿಯಿಂದ ಬಂದದ್ದು ಸುಮಾರು ಶೇಕಡ 9 ಮಾತ್ರ ಎಂದು ಅದು ಕಂಡಿತು. ಮಂದೆ ಸುತ್ತುವುದು, ವಾಸನೆ ಹಿಡಿಯುವುದು, ಹೇಳಿದ ಮಾತಿಗೆ ಒಲಿಯುವುದು ರಕ್ತದಲ್ಲಿ ಹೆಚ್ಚಾಗಿ ಬರುತ್ತವೆ. ಆದರೆ ಸಿಡುಕೋ ಸಮಾಧಾನವೋ, ಅಂಜುಬುರುಕುತನವೋ ಎಂಬುದು ಆಯಾ ನಾಯಿಯ ಪಾಡು.

ಇಷ್ಟೆಲ್ಲ ನನಗೆ ಮೊದಲೇ ಗೊತ್ತಿತ್ತು. ಕಾಲು ಉಳುಕಿ ಮನೆಯಲ್ಲೇ ಬಿದ್ದಿದ್ದ ದಿನಗಳಲ್ಲಿ ಗೊತ್ತಾದದ್ದು ಬೇರೆ.

ನಮ್ಮ ಮೇಲಿನ ಮನೆಯಲ್ಲಿ ಒಂದು ಬೀಗಲ್ ಇದೆ. ಗುಂಪುಗುಂಪಾಗಿ ಮೊಲದ ಬೇಟೆಗೆ ಹೋಗುತ್ತಿದ್ದ ತಳಿ. ಒಂಟಿಯಾಗಿರುವುದು ಅದಕ್ಕೆ ಒಗ್ಗಿದ್ದಲ್ಲ, ದನಿಯೂ ಬಯಲುಗಳಾಚೆ ಕೇಳಲೆಂದು ಬಂದದ್ದು. ಬೆಳಿಗ್ಗೆ ಮನೆಯವರೆಲ್ಲ ಹೊರಟು ಬಾಗಿಲು ಹಾಕಿಕೊಂಡ ಸದ್ದಾಗುತ್ತಿತ್ತು. ಮೊದಲು ಉಗುರುಗಳ ಸದ್ದು, ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಆಮೇಲೆ ಒಂದು ಉದ್ದನೆಯ ಊಳು. ನಡುವೆ ತಟ್ಟನೆ ನಿಲ್ಲುತ್ತಿತ್ತು. ಏಕೆಂದು ಮೊದಲು ತಿಳಿಯಲಿಲ್ಲ, ಆಮೇಲೆ ತಿಳಿಯಿತು: ಲಿಫ್ಟ್ ಮೇಲೆ ಬರುತ್ತಿತ್ತು. ಲಿಫ್ಟ್ ಬೇರೆ ಮಹಡಿಯಲ್ಲಿ ನಿಂತರೆ ಊಳು ಮತ್ತೆ ಶುರು. ಸಂಜೆ ಮಾತ್ರ ನನಗೆ ಏನೂ ಕೇಳಿಸುವ ಮೊದಲೇ ಅದು ಸುಮ್ಮನಾಗುತ್ತಿತ್ತು. ಆಮೇಲೆ ಬೈಕಿನ ಸದ್ದು. ಬಾಗಿಲು ತೆರೆದೊಡನೆ ಕುಣಿತ, ಉರುಳಾಟ, ಯಜಮಾನರ ನಗು. "ನಾನು ಅಂದರೆ ಅದಕ್ಕೆ ಎಂಥ ಜೀವ ನೋಡಿ" ಎಂದು ಅವರು ಒಮ್ಮೆ ಮೆಟ್ಟಿಲಲ್ಲಿ ಹೇಳಿದ್ದರು. ಅದು ನಿಜವೇ. ಆದರೆ ತಾವಿಲ್ಲದಾಗ ತಮ್ಮ ನಾಯಿ ಹೇಗಿರುತ್ತದೆ ಎಂಬುದನ್ನು ಅವರು ಒಮ್ಮೆಯೂ ಕೇಳಿರಲಿಲ್ಲ. ಕೇಳುವುದು ಹೇಗೆ, ಅವರು ಬಂದೊಡನೆ ಅದು ನಿಂತುಹೋಗುತ್ತಿತ್ತಲ್ಲ!

ಮೊಬೈಲಿನಲ್ಲಿ ದಾಖಲಿಸಿ ಕೇಳಿಸಿದೆ. ಒಳ್ಳೆಯ ಮನುಷ್ಯ. ನಿಂತೇ ಕೇಳಿದರು, ಕೊನೆಯವರೆಗೆ ಕೇಳಿದರು. ಈಗ ಮಧ್ಯಾಹ್ನ ಒಬ್ಬ ಹುಡುಗ ಬಂದು ಅದನ್ನು ಹೊರಗೆ ಕರೆದೊಯ್ಯುತ್ತಾನೆ, ಯಜಮಾನರ ಅಕ್ಕ ವಾರದಲ್ಲಿ ಎರಡು ದಿನ ಅಲ್ಲೇ ಇರುತ್ತಾರೆ. ಊಳು ಬಹಳ ಕಡಿಮೆಯಾಗಿದೆ.

ಆದರೆ ಅವರು ಕೇಳುತ್ತಾ ನಿಂತಿದ್ದಾಗ ನಾನು ಯೋಚಿಸುತ್ತಿದ್ದದ್ದು ನನ್ನ ಬಗ್ಗೆ. ನಿನಗೆ ಹೇಳಿರಲಿಲ್ಲ, ಅಮ್ಮ ಹೋದ ಮೇಲೆ ನಾನೂ ನಾಯಿ ಹುಡುಕುತ್ತಿದ್ದೇನೆ. ವಿಜ್ಲಾ ಎಂಬ ಹಂಗೇರಿಯ ಬೇಟೆನಾಯಿಯನ್ನು ಮನಸ್ಸಿನಲ್ಲಿ ಆರಿಸಿಯೂ ಆಗಿತ್ತು. ಮನೆಯವರಿಗೆ ಅಂಟಿಕೊಂಡೇ ಇರುತ್ತದೆ, ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರೂ ಹಿಂದೆಯೇ ಬರುತ್ತದೆ ಎಂದು ಎಲ್ಲರೂ ಹೇಳುವ ತಳಿ. ನನಗೆ ಬೇಕಾಗಿದ್ದದ್ದು ಅಷ್ಟೇ. ಸಂಜೆ ಬೀಗ ತೆಗೆದರೆ, ಬೆಳಿಗ್ಗೆ ಲೋಟ ಎಲ್ಲಿಟ್ಟಿದ್ದೆನೋ ಅಲ್ಲೇ ಇರುತ್ತದೆ. ಮೊದಲಾದರೆ ಚಪ್ಪಲಿ ಬಿಡುವ ಮುನ್ನವೇ ಒಳಗಿನಿಂದ "ಬಂದೆಯಾ?" ಎಂಬ ದನಿ ಬರುತ್ತಿತ್ತು. ಆ ದನಿಯ ಜಾಗದಲ್ಲಿ ಏನಾದರೊಂದು ಇರಲಿ ಎಂದುಕೊಂಡಿದ್ದೆ. ನನಗಾಗಿ ಕಾಯುವವರು ಬೇಕು ಎಂದರೆ ಒಂದು ಜೀವ ದಿನವಿಡೀ ಕಾಯಬೇಕು ಎಂಬುದು ಮೇಲಿನ ಮನೆಯ ಉಗುರಿನ ಸದ್ದು ಕೇಳುವವರೆಗೆ ಹೊಳೆದಿರಲಿಲ್ಲ. ಅಂಟಿಕೊಳ್ಳುವ ನಾಯಿಗೆ ಆ ದಿನ ಇನ್ನೂ ಉದ್ದ.

ಅಲ್ಲಿಗೆ ನಿಂತಿದ್ದರೆ ಸರಿಯಿತ್ತು. ಈಗ ಅಮ್ಮನ "ಬಂದೆಯಾ?" ನೆನಪಾದಾಗಲೆಲ್ಲ ಅದರ ಹಿಂದಿನ ಹತ್ತು ಗಂಟೆಯೂ ನೆನಪಾಗುತ್ತದೆ, ಕಪ್ತಾನ. ರೇಡಿಯೊ ಇತ್ತು, ಪಕ್ಕದ ಮನೆಯವರು ಬಂದು ಮಾತಾಡಿಸುತ್ತಿದ್ದರು, ಅವಳು ಒಂದು ದಿನವೂ ದೂರಿದವಳಲ್ಲ. ದುಡಿಯಲು ಹೋಗದೆ ನಡೆಯುತ್ತಲೂ ಇರಲಿಲ್ಲ. ಆದರೂ ಲಿಫ್ಟಿನ ಸದ್ದು ಅವಳಿಗೂ ಕೇಳಿಸುತ್ತಿತ್ತಲ್ಲ.

ಇಷ್ಟನ್ನು ಬರೆಯಬೇಕೆಂದು ಕೂತವನಲ್ಲ. ಎಲ್ಲರೂ ಓದುತ್ತಾರೆಂಬುದು ನಡುವೆ ಮರೆತೇಹೋಯಿತು. ಇರಲಿ, ಅಳಿಸುವುದಿಲ್ಲ. ನಿನ್ನ ನಾಯಿಗೆ ಬರೋಣ. ಹೆಲ್ಮೆಟ್ ಹಾಕಿಕೊಂಡೇ ಆರತಕ್ಷತೆಯ ಸಾಲಿನಲ್ಲಿ ನಿಂತವನ ಮನೆಗೆ ಬರುವ ನಾಯಿಗೆ ಧೈರ್ಯವಂತೂ ಇರಬೇಕು!

ನನ್ನ ಮನಸ್ಸಿನಲ್ಲಿರುವುದು ಇದು. ಮರಿ ಬೇಡ, ಬೆಳೆದ ನಾಯಿಯನ್ನು ನೋಡಿ. ಮರಿಗೆ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಜಗತ್ತನ್ನು ಪರಿಚಯ ಮಾಡಿಸಬೇಕು. ಆಗ ನೋಡಿದ ಜನ, ಕೇಳಿದ ಸದ್ದುಗಳಿಗೆ ಅದು ಮುಂದೆ ಅಷ್ಟಾಗಿ ಅಂಜುವುದಿಲ್ಲ. ಅದಕ್ಕೆ ಮನೆಯಲ್ಲಿ ಒಬ್ಬರಾದರೂ ಇರಬೇಕು. ಬೆಳೆದ ನಾಯಿಯ ಗುಣ ಎದುರಿಗೇ ಕಾಣುತ್ತದೆ. ನಾಯಿಗಳ ಆಶ್ರಯಧಾಮದಲ್ಲಿ ಐದಾರು ವರ್ಷದ, ಯಾವ ತಳಿಯೆಂದು ಹೇಳಲಾಗದ, ನಿಮ್ಮ ಪುಟ್ಟಿಯ ಗಲಾಟೆಗೆ ಕಿವಿ ಕೂಡ ಅಲ್ಲಾಡಿಸದ ನಾಯಿ ಸಿಕ್ಕರೆ ಕಣ್ಣು ಮುಚ್ಚಿ ತನ್ನಿ. ತಳಿಯೇ ಬೇಕೆಂದರೆ ಗ್ರೇಹೌಂಡ್ ನೋಡಿ. ಗಂಟೆಗೆ 70 ಕಿಲೋಮೀಟರ್ ಹತ್ತಿರ ಓಡುವ ನಾಯಿ ಎಂದರೆ ನಿನಗೆ ಆಶ್ಚರ್ಯವಾದೀತು, ಆದರೆ ಅದು ಒಂದು ಜೋರು ಓಟ ಮುಗಿಸಿ ದಿನದ ಬಹುಪಾಲು ನಿದ್ದೆ ಮಾಡುತ್ತದೆ. ಹೊರಗೆ ಮಾತ್ರ ಬೆಲ್ಟ್ ಕೈಬಿಡುವಂತಿಲ್ಲ. ಬೆಕ್ಕು ಕಂಡರೆ ಮುಗಿಯಿತು. ಪುಟ್ಟಿ ಬಯಸಿರುವ ಲ್ಯಾಬ್ರಡಾರ್‌ಗೆ ಜನ ಸದಾ ಬೇಕು, ಊಟ ಸದಾ ಬೇಕು. ಆ ತಳಿಯ ಸುಮಾರು ಕಾಲುಭಾಗದಷ್ಟು ನಾಯಿಗಳಲ್ಲಿ ಹಸಿವನ್ನು ಹೆಚ್ಚಿಸುವ ಜೀನ್ ಬದಲಾವಣೆಯೇ ಇದೆ. ಅಳತೆ ತಪ್ಪದೆ ಹಾಕುವ ಕೈ ಬೇಕು. "ನಾನೇ ನೋಡಿಕೊಳ್ಳುತ್ತೇನೆ" ಎಂಬ ಪುಟ್ಟಿಯ ಮಾತು ಇವತ್ತಿಗೆ ನಿಜ. ಆದರೆ ಅವಳು ಕಾಲೇಜಿಗೆ ಹೋದಾಗಲೂ ನಾಯಿ ಇರುತ್ತದೆ, ಆಗ ನೋಡಿಕೊಳ್ಳುವವರು ನೀವಿಬ್ಬರೇ.

ನನ್ನ ಹುಡುಕಾಟ ಸದ್ಯಕ್ಕೆ ನಿಂತಿದೆ. ಕಾಲು ವಾಸಿಯಾದ ಮೇಲೆ ರಜಾದಿನಗಳಲ್ಲಿ ಮೇಲಿನ ಮನೆಯ ಬೀಗಲ್ ಅನ್ನು ನಾನು ಸುತ್ತಾಡಿಸುತ್ತೇನೆ. ಒಂದು ಕಂಬದ ಬುಡದ ವಾಸನೆ ನೋಡಿ ಮುಗಿಸಲು ಅದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಾನೂ ನಿಲ್ಲುತ್ತೇನೆ.

ನೀನೀಗ ಮಾಡಬೇಕಾದದ್ದು ಇಷ್ಟು. ನಿಮ್ಮ ಮನೆಯ ಒಂದು ಮಂಗಳವಾರವನ್ನು ಬರೆದು ಕಳಿಸು, ಭಾನುವಾರದ್ದು ಬೇಡ. ಬೆಳಿಗ್ಗೆ ಹನ್ನೊಂದಕ್ಕೆ ಮನೆಯಲ್ಲಿ ಯಾರಿರುತ್ತಾರೆ, ಮೂರಕ್ಕೆ ಯಾರಿರುತ್ತಾರೆ, ಜೋರು ಮಳೆಯಲ್ಲಿ ಬೆಳಗಿನ ಆರಕ್ಕೆ ಅದನ್ನು ಕೆಳಗೆ ಕರೆದೊಯ್ಯುವವರು ಯಾರು, ನೀವು ಊರಿನಲ್ಲಿಲ್ಲದಾಗ ಯಾರು. ಅತ್ತಿಗೆಯಿಂದಲೂ ಬರೆಸು, ನಿನ್ನದಕ್ಕೂ ಅವರದಕ್ಕೂ ತಾಳೆಯಾಗುತ್ತದೆಯೇ ನೋಡೋಣ. ಅದು ನನ್ನ ಕೈಸೇರಿದ ಮೇಲೆ ಮೂವರೂ ಹೋಗಿ ನಾಯಿಗಳನ್ನು ನೋಡಿ ಬರೋಣ. ಪುಟ್ಟಿಯನ್ನು ಎರಡನೇ ಸಲ ಕರೆದೊಯ್ಯೋಣ. ಮೊದಲ ಸಲವೇ ಬಂದರೆ ಅವಳು ಎಲ್ಲವನ್ನೂ ಮನೆಗೆ ತರುತ್ತಾಳೆ.

ಇಂತಿ ನಿನ್ನ,
ಸ್ಕೋರರ್