ಯುಗಾದಿಯಿಂದ ಕರಗದವರೆಗೆ: ಪೋಷಕರಿಗೊಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ನಿಮಗೂ ಮನೆಯವರೆಲ್ಲರಿಗೂ ಯುಗಾದಿಯ ಶುಭಾಶಯಗಳು.

ಪರೀಕ್ಷೆ ಮುಗಿಯುತ್ತಾ ಬಂತು. ಹಬ್ಬದ ನಂತರದ ಶನಿವಾರ ಐದು, ಆರು ಮತ್ತು ಏಳನೇ ತರಗತಿಯ ಮಕ್ಕಳನ್ನು ಬೆಂಗಳೂರು ಕೋಟೆಗೂ ಟಿಪ್ಪು ಸುಲ್ತಾನನ ಬೇಸಿಗೆ ಅರಮನೆಗೂ ಕರೆದುಕೊಂಡು ಹೋಗುತ್ತಿದ್ದೇವೆ. ಒಪ್ಪಿಗೆ ಚೀಟಿಯನ್ನು ಡೈರಿಯಲ್ಲಿ ಅಂಟಿಸಿದ್ದೇವೆ. ಅದನ್ನು ನೋಡಿದ ತಕ್ಷಣ ಗೇಟಿನ ಹತ್ತಿರ ಒಬ್ಬರು ತಾಯಿ ಕೇಳಿದರು, "ಮೇಡಂ, ವಂಡರ್‌ಲಾಗೆ ಕರ್ಕೊಂಡು ಹೋಗಬಹುದಿತ್ತಲ್ವಾ?" ಹೋಗಬಹುದು, ಬೇಡ ಅನ್ನಲ್ಲ. ಆದರೆ ಅದಕ್ಕೆ ಶಾಲೆ ಬೇಕಾಗಿಲ್ಲ. ಮಾರ್ಕೆಟ್ಟಿನ ಗಲಾಟೆ ಮಧ್ಯೆ ನಿಂತಿರುವ ಒಂದು ಕಲ್ಲಿನ ಬಾಗಿಲನ್ನು ನಿಧಾನವಾಗಿ ನೋಡಿಸುವುದಕ್ಕೆ ಶಾಲೆ ಬೇಕು. ಅದಕ್ಕಿಂತ ಜಾಸ್ತಿ, ನೀವು ಬೇಕು. ಈ ಪತ್ರ ಉದ್ದವಾಗಿರುವುದು ಅದಕ್ಕೇ.

ಯುಗಾದಿಯಿಂದ ಚೈತ್ರ ಹುಣ್ಣಿಮೆಯ ಕರಗದವರೆಗೆ ನಮ್ಮೂರು ಬಹಳ ಚೆನ್ನಾಗಿರುತ್ತದೆ. ಹೊಂಗೆ ಹೂ ಬಿಟ್ಟಿರುತ್ತದೆ, ಮಾವಿನಕಾಯಿ ಬಂದಿರುತ್ತದೆ. ಮಧ್ಯೆ ರಾಮನವಮಿಯ ಪಾನಕ, ಕೋಸಂಬರಿ. ನೆಂಟರು ಬರುತ್ತಾರೆ, ಊರಿಂದ ಅಜ್ಜಿ ತಾತ ಬಂದಿರುತ್ತಾರೆ. ಎಲ್ಲರೂ ಸೇರಿ ಒಂದು ದಿನ ಮಾಲ್‌ಗೆ ಹೋಗಿ ಬರುವುದು ಈಗ ವಾಡಿಕೆ. ಆ ಒಂದು ದಿನವನ್ನು ಈ ಸಲ ಹಳೇ ಬೆಂಗಳೂರಿಗೆ ಕೊಡಿ ಎಂದು ಕೇಳುತ್ತಿದ್ದೇನೆ.

ಮೊದಲು ನಮ್ಮ ಶನಿವಾರದ ವಿಷಯ ಹೇಳಿಬಿಡುತ್ತೇನೆ. ಬೆಳಿಗ್ಗೆ ಏಳೂವರೆಗೆ ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಲ್ಲಿ ಸೇರುತ್ತೇವೆ. ಒಂದೇ ಸ್ಟಾಪ್, ಮಾರ್ಕೆಟ್ಟಿನಲ್ಲಿ ಇಳಿದರೆ ಕೋಟೆ ಹತ್ತಿರ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. 1761ರಲ್ಲಿ ಹೈದರಾಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಿದ. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಆಚೀಚೆ ಒಂದಿಷ್ಟು ಗೋಡೆ, ಅಷ್ಟೇ. ಒಳಗೆ ಒಂದು ಗಣಪತಿ ಗುಡಿ ಇದೆ. 1791ರ ಮಾರ್ಚ್ 21ರ ರಾತ್ರಿ, ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದಿದ್ದ ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೈನ್ಯ ಫಿರಂಗಿ ಹೊಡೆದು ಗೋಡೆ ಒಡೆದು ಒಳಗೆ ನುಗ್ಗಿತು. ಕೋಟೆ ಕಾಯುತ್ತಿದ್ದ ಕಿಲ್ಲೇದಾರ ಬಹದ್ದೂರ್ ಖಾನ್, ವಯಸ್ಸಾದ ಮನುಷ್ಯ, ಆ ಕಾಳಗದಲ್ಲಿ ಮಡಿದರು. ಗೋಡೆ ಒಡೆದ ಜಾಗವನ್ನು ಗುರುತಿಸುವ ಒಂದು ಫಲಕ ಇದೆ. ಬಸ್ಸಿನಲ್ಲಿ ದಿನಾ ಅದರ ಪಕ್ಕದಲ್ಲೇ ಓಡಾಡುವವರು ನಮ್ಮಲ್ಲಿ ಎಷ್ಟೋ ಜನ ಇದ್ದೀರಿ.

ಅಲ್ಲಿಂದ ಅರಮನೆಗೆ ನಡೆದುಕೊಂಡೇ ಹೋಗುತ್ತೇವೆ. ಬೇಕೆಂದೇ ನಡೆಸುತ್ತೇವೆ. ಕೋಟೆ ಬಾಗಿಲು ಒಂದು ಕಡೆ, ಅರಮನೆ ಇನ್ನೊಂದು ಕಡೆ, ಮಧ್ಯೆ ರಸ್ತೆ, ಆಟೋ, ಬಸ್ಸು. ಹಾಗಾದರೆ ಕೋಟೆ ಎಲ್ಲಿಂದ ಎಲ್ಲಿಯವರೆಗೆ ಇತ್ತು? ಅರಮನೆ, ಕೋಟೆ ವೆಂಕಟರಮಣ ದೇವಸ್ಥಾನ, ಫೋರ್ಟ್ ಹೈಸ್ಕೂಲು ಇರುವ ಜಾಗ ಎಲ್ಲಾ ಕೋಟೆಯ ಒಳಗೇ ಇದ್ದವು ಅನ್ನುವುದನ್ನು ಮಕ್ಕಳು ಕಾಲಲ್ಲಿ ನಡೆದು ತಿಳಿದುಕೊಳ್ಳಬೇಕು. ಪುಸ್ತಕದಲ್ಲಿ ಓದಿದರೆ ಅದು ತಲೆಗೆ ಹತ್ತುವುದಿಲ್ಲ. ಬಿಸಿಲು ಏರುವ ಮುಂಚೆ ಈ ನಡಿಗೆ ಮುಗಿಯುತ್ತದೆ, ಗಾಬರಿ ಬೇಡ.

ಅರಮನೆಯನ್ನು 1781ರಲ್ಲಿ ಹೈದರಾಲಿ ಶುರು ಮಾಡಿದ, ಟಿಪ್ಪು 1791ರಲ್ಲಿ ಮುಗಿಸಿದ. ಅಂದರೆ ಕೋಟೆ ಕೈಬಿಟ್ಟ ವರ್ಷವೇ. ಹೆಚ್ಚುಪಾಲು ತೇಗದ ಮರದ ಕೆಲಸ. ಕಂಬಗಳನ್ನು ಕಲ್ಲಿನ ಪೀಠದ ಮೇಲೆ ನಿಲ್ಲಿಸಿದ್ದಾರೆ. ಯಾಕೆ ಎಂದು ಮಕ್ಕಳನ್ನೇ ಕೇಳಿ. ಗೆದ್ದಲು, ನೀರು ಎಂದು ಹಳ್ಳಿ ಮನೆ ನೋಡಿರುವ ಮಗು ಥಟ್ಟನೆ ಹೇಳುತ್ತದೆ. ಗೋಡೆಯ ಮೇಲೆ ಹೂಬಳ್ಳಿ ಚಿತ್ರಗಳಿವೆ, ಬಹಳಷ್ಟು ಮಾಸಿವೆ. ಮಹಡಿಯ ಮೇಲಿನ ಮುಂಚಾಚಿನಲ್ಲಿ ಕುಳಿತು ಟಿಪ್ಪು ದರ್ಬಾರು ನಡೆಸುತ್ತಿದ್ದ. ಟಿಪ್ಪು ಸತ್ತ ಮೇಲೆ ಇದೇ ಅರಮನೆಯಲ್ಲಿ ಬ್ರಿಟಿಷರ ಸರ್ಕಾರಿ ಕಚೇರಿ ನಡೆಯಿತು. 1868ರಲ್ಲಿ ಆ ಕಚೇರಿಗಳು ಅಠಾರಾ ಕಚೇರಿಗೆ, ಅಂದರೆ ವಿಧಾನಸೌಧದ ಎದುರಿನ ಕೆಂಪು ಕಟ್ಟಡಕ್ಕೆ, ಹೋದವು. ಒಂದೇ ಕಟ್ಟಡ, ಮೊದಲು ರಾಜನ ಮನೆ, ಆಮೇಲೆ ಗುಮಾಸ್ತರ ಆಫೀಸು, ಈಗ ಟಿಕೆಟ್ ತೆಗೆದುಕೊಂಡು ನೋಡುವ ಜಾಗ. ಮಕ್ಕಳಿಗೆ ಇದು ಭಾರಿ ಮಜಾ ಅನ್ನಿಸುತ್ತದೆ. 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಅದೂ ಒಂದು ಅನುಕೂಲ.

ಒಂದು ಮಾತು ಖಾರವಾಗಿಯೇ ಹೇಳುತ್ತೇನೆ. ಹಳೇ ಕಟ್ಟಡಗಳ ಗೋಡೆ ಮೇಲೆ, ಕಂಬದ ಮೇಲೆ ಕೀಲಿಕೈಯಿಂದ ಹೆಸರು ಕೆತ್ತಿ, ಪಕ್ಕದಲ್ಲಿ ಹೃದಯದ ಗುರುತು ಹಾಕಿರುವುದನ್ನು ನೋಡಿದ್ದೀರಿ. ಅವರೆಲ್ಲ ಯಾವುದೋ ಶಾಲೆಯಲ್ಲಿ ಓದಿದವರೇ. ನಮ್ಮ ಶಾಲೆಯ ಮಕ್ಕಳು ಹಾಗೆ ಮಾಡಬಾರದು. ಇದನ್ನು ಮನೆಯಲ್ಲೂ ಒಂದು ಸಲ ಹೇಳಿ ಕಳಿಸಿ.

ಇನ್ನು ನೀವಾಗಿ ಕರೆದುಕೊಂಡು ಹೋಗುವ ಜಾಗಗಳು. ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸಬೇಡಿ. ಮ್ಯೂಸಿಯಂ ನೋಡುವುದು ಅಂದರೆ ಎಲ್ಲಾ ಕೊಠಡಿ ಸುತ್ತುವುದು ಎಂದು ನಾವು ಅಂದುಕೊಂಡಿದ್ದೇವೆ. ಸಂಜೆಗೆ ಮಕ್ಕಳಿಗೆ ಕಾಲು ನೋವು ಮಾತ್ರ ಉಳಿಯುತ್ತದೆ. ಒಂದು ವಸ್ತು ಸಾಕು, ನಿಜವಾಗಲೂ ಸಾಕು. ಅದರ ಮುಂದೆ ಅರ್ಧ ಗಂಟೆ ನಿಲ್ಲಿ.

ಯಾವ ವಸ್ತು ಅಂದರೆ, ನನ್ನ ಮಟ್ಟಿಗೆ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿರುವ ಆತಕೂರು ಶಾಸನ. ಈ ಮ್ಯೂಸಿಯಂ ಶುರುವಾದದ್ದು 1865ರಲ್ಲಿ, ದೇಶದ ಹಳೇ ಮ್ಯೂಸಿಯಂಗಳಲ್ಲಿ ಒಂದು. ಕೆಂಪು ಬಣ್ಣದ ಈಗಿನ ಕಟ್ಟಡ 1877ರದ್ದು. ಆತಕೂರು ಇರುವುದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ. ನಮ್ಮಲ್ಲಿ ಆ ಕಡೆಯವರು ಬೇಕಾದಷ್ಟು ಜನ ಇದ್ದೀರಿ, ನಿಮ್ಮೂರಿನ ಕಲ್ಲು ಇದು.

ಕ್ರಿ.ಶ. 949ರ ಹೊತ್ತಿನ ಕಥೆ. ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ದೊಡ್ಡ ಯುದ್ಧ ಆಯಿತು. ಕೃಷ್ಣನ ಕಡೆ ಇದ್ದವನು ಗಂಗರ ಬೂತುಗ. ಬೂತುಗನ ಕೈಕೆಳಗೆ ಮಣಲೆರ ಎಂಬ ವೀರ. ಚೋಳರ ರಾಜಾದಿತ್ಯ ಸತ್ತ, ಇವರು ಗೆದ್ದರು. ಖುಷಿಯಾದ ಬೂತುಗ ಮಣಲೆರನಿಗೆ ಏನು ಬೇಕು ಕೇಳು ಅಂದ. ಚಿನ್ನ ಕೇಳಬಹುದಿತ್ತು, ಕುದುರೆ ಕೇಳಬಹುದಿತ್ತು. ಮಣಲೆರ ಕೇಳಿದ್ದು ರಾಜನ ನಾಯಿಯನ್ನು. ಅದರ ಹೆಸರು ಕಾಳಿ.

ಆಮೇಲೆ ಒಂದು ದಿನ ಆ ನಾಯಿಯನ್ನು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ಎರಡೂ ಹೋರಾಡಿ ಎರಡೂ ಸತ್ತವು. ಮಣಲೆರ ತನ್ನ ನಾಯಿಗಾಗಿ ಆತಕೂರಿನ ಗುಡಿಯ ಮುಂದೆ ಕಲ್ಲು ನೆಡಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ಅಷ್ಟಕ್ಕೇ ಬಿಡಲಿಲ್ಲ. ಪೂಜೆ ಮಾಡುವವನು ಈ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಅವನಿಗೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಬರೆಸಿದ. ಕಲ್ಲಿನ ಮೇಲ್ಭಾಗ ನೋಡಿ, ನಾಯಿ ಹಂದಿ ಎದುರಾಬದುರಾ ಕಾದಾಡುತ್ತಿವೆ. ರಾಜರ ಯುದ್ಧದ ಸುದ್ದಿಯೂ ಇದೇ ಕಲ್ಲಿನಲ್ಲಿದೆ. ಆದರೆ ಚಿತ್ರದಲ್ಲಿ ಜಾಗ ಸಿಕ್ಕಿದ್ದು ನಾಯಿಗೆ!

ಮನೆಯಲ್ಲಿ ನಾಯಿ ಸಾಕಿರುವ ಮಗುವಿಗೆ ಈ ಕಥೆ ಹೇಳಿ ನೋಡಿ. ಮಣಲೆರ ಯಾಕೆ ನಾಯಿ ಕೇಳಿದ? ಕಳೆದುಕೊಂಡ ಮೇಲೆ ಅವನಿಗೆ ಹೇಗಾಗಿರಬೇಕು? ಅಷ್ಟು ಪ್ರೀತಿ ಇದ್ದರೆ ಹಂದಿ ಮೇಲೆ ಯಾಕೆ ಬಿಟ್ಟ? ಈ ಕೊನೆಯ ಪ್ರಶ್ನೆಯನ್ನು ನಮ್ಮ ಆರನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಲ್ಲಿನಲ್ಲೂ ಇಲ್ಲ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ರಾಷ್ಟ್ರಕೂಟರು ಅಂದರೆ ಇಸವಿ ಬಾಯಿಪಾಠ. ಇಲ್ಲಿ ಅದೇ ರಾಷ್ಟ್ರಕೂಟರು ಒಂದು ನಾಯಿಯ ಹಿಂದೆ ಬಂದು ನೆನಪಿನಲ್ಲಿ ಕೂರುತ್ತಾರೆ. ಆಮೇಲೆ ಇಸವಿ ತಾನಾಗಿ ಬರುತ್ತದೆ.

ಹೋಗುವ ಮುಂಚೆ ಮ್ಯೂಸಿಯಂ ತೆರೆದಿದೆಯಾ, ಯಾವ ಕೊಠಡಿ ನೋಡಲು ಬಿಡುತ್ತಾರೆ ಎಂದು ವಿಚಾರಿಸಿಕೊಳ್ಳಿ. ಹಳೇ ಕಟ್ಟಡ, ದುರಸ್ತಿ ಕೆಲಸ ಇರಬಹುದು. ಸೋಮವಾರ ಬೇಡವೇ ಬೇಡ. ಪಕ್ಕದಲ್ಲೇ ವಿಜ್ಞಾನ, ಯಂತ್ರಗಳ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ. ಮಕ್ಕಳು ಅಲ್ಲಿಗೆ ಹೋಗೋಣ ಅಂತ ಎಳೆಯುತ್ತಾರೆ, ಗೊತ್ತು. ಮೊದಲು ಕಲ್ಲು, ಆಮೇಲೆ ಅದು. ತಿರುಗುಮುರುಗು ಮಾಡಿದರೆ ಕಲ್ಲಿನ ಕಡೆ ಯಾರೂ ಬರುವುದಿಲ್ಲ.

ಬೇಗೂರು ಕಡೆ ಇರುವವರು ಅಷ್ಟು ದೂರ ಬರಬೇಕಾಗಿಲ್ಲ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 1,100 ವರ್ಷ ಹಿಂದಿನ ಒಂದು ವೀರಗಲ್ಲು ಶಾಸನ ಇದೆ, ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಕೆಂಪೇಗೌಡರಿಗಿಂತ ಆರು ನೂರು ವರ್ಷ ಮೊದಲೇ ಊರಿಗೆ ಈ ಹೆಸರಿತ್ತು. ಹೆಬ್ಬಾಳದ ಕಿತ್ತಯ್ಯನ ಶಾಸನ ಅದಕ್ಕಿಂತಲೂ ಹಳೆಯದು, 8ನೇ ಶತಮಾನದ್ದು.

ದೊಡ್ಡವರು ಬಾಳಿದ ಮನೆ ನೋಡಬೇಕು ಅಂದರೆ ಮುದ್ದೇನಹಳ್ಳಿ ಒಂದು ದಿನದ ದಾರಿ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆಯನ್ನು ಸ್ಮಾರಕ ಮಾಡಿದ್ದಾರೆ, ಅವರ ಸಮಾಧಿಯೂ ಅದೇ ಊರಿನಲ್ಲಿದೆ. ಹಳ್ಳಿಯ ಸಾಧಾರಣ ಮನೆ. ಕನ್ನಂಬಾಡಿ ಕಟ್ಟೆಯನ್ನೂ ಆ ಮನೆಯನ್ನೂ ಒಟ್ಟಿಗೆ ನೆನೆದರೆ ಮಕ್ಕಳು ತಾವೇ ಯೋಚನೆ ಮಾಡುತ್ತಾರೆ, ನೀವು ಭಾಷಣ ಮಾಡಬೇಡಿ. ಸಿ.ವಿ. ರಾಮನ್ ಅವರು 1948ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆ ಸದಾಶಿವನಗರದ ಹತ್ತಿರವೇ ಇದೆ. ಅವರು ಕೂಡಿಟ್ಟ ಕಲ್ಲು, ಹರಳು, ಖನಿಜಗಳ ಸಂಗ್ರಹ ಅಲ್ಲಿದೆ. ಕೆಲವು ಖನಿಜಗಳು ನೇರಳಾತೀತ ಬೆಳಕು ಬಿದ್ದರೆ ಬಣ್ಣ ಬಣ್ಣವಾಗಿ ಹೊಳೆಯುತ್ತವೆ. ಇದಕ್ಕೆ ಮುಂಚೆಯೇ ಅನುಮತಿ ಕೇಳಬೇಕು. ಸುಮ್ನೆ ಹೋಗಿ ಗೇಟಿನಲ್ಲಿ ನಿಲ್ಲಬೇಡಿ. ಹಾಗೆಯೇ ಬಸವನಗುಡಿ, ಮಲ್ಲೇಶ್ವರದಲ್ಲಿ ಮಂಕಿ ಟಾಪ್ ಕಿಟಕಿ (ಮೇಲೆ ಮರದ ಚೂಪು ಮಾಡು ಇರುವ ಕಿಟಕಿ), ಮಂಗಳೂರು ಹೆಂಚು, ಕೆಂಪು ಗಾರೆ ನೆಲದ ಹಳೇ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. 1898ರ ಪ್ಲೇಗ್ ಬಂದ ಮೇಲೆ ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದು ನೆಲೆಸಿದ ಬಡಾವಣೆಗಳು ಅವು. ಅಲ್ಲಿ ಜನ ವಾಸವಾಗಿದ್ದಾರೆ. ರಸ್ತೆಯಿಂದ ನೋಡಿ, ಕಾಂಪೌಂಡ್ ಒಳಗೆ ಹೋಗಬೇಡಿ, ಫೋಟೋ ತೆಗೆಯುವ ಮುಂಚೆ ಕೇಳಿ.

ಭಾನುವಾರವೂ ಕೆಲಸ ಇರುವವರು, ಅಂಗಡಿ ಬಿಟ್ಟು ಬರಲು ಆಗದವರು ನಿಮ್ಮಲ್ಲಿ ಜಾಸ್ತಿ ಇದ್ದೀರಿ. ನಿಮಗೆ ಈ ಪತ್ರ ಇನ್ನಷ್ಟು ಅನ್ವಯಿಸುತ್ತದೆ. ತರಗುಪೇಟೆಯಲ್ಲಿ ಮೂಟೆ ಲೆಕ್ಕ ಬರೆಯುವವರು, ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿಯಲ್ಲಿರುವವರು, ಅವೆನ್ಯೂ ರಸ್ತೆಯಲ್ಲಿ ಪುಸ್ತಕ ಮಾರುವವರು ಇದ್ದೀರಿ. ಅವೆನ್ಯೂ ರಸ್ತೆಯೇ ಹಿಂದಿನ ದೊಡ್ಡಪೇಟೆ. ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವ ಚೌಕದಿಂದಲೇ ಕೆಂಪೇಗೌಡರು ಎತ್ತು ಕಟ್ಟಿ ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿದರು ಎನ್ನುತ್ತದೆ ಊರ ಕಥೆ. ಅರಳೇಪೇಟೆ, ಅಕ್ಕಿಪೇಟೆ, ಬಳೇಪೇಟೆ, ಒಂದೊಂದು ವ್ಯಾಪಾರಕ್ಕೆ ಒಂದೊಂದು ಬೀದಿ. ನೀವು ಕೆಲಸ ಮಾಡುವ ಬೀದಿಯೇ ಮ್ಯೂಸಿಯಂ. ರಜೆಯಲ್ಲಿ ಒಂದು ಬೆಳಿಗ್ಗೆ ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ, ಅಂಗಡಿ ಎಷ್ಟು ವರ್ಷದ್ದು, ಮೊದಲು ಅಲ್ಲಿ ಏನು ಮಾರುತ್ತಿದ್ದರು, ಹಳೇ ತಕ್ಕಡಿ ಎಲ್ಲಿ ಹೋಯಿತು ಅಂತ ಹೇಳಿ. ನಮ್ಮ ಮೇಷ್ಟರಿಗಿಂತ ನಿಮಗೆ ಚೆನ್ನಾಗಿ ಗೊತ್ತು.

ಕರಗದ ಬಗ್ಗೆ ಪ್ರತಿ ವರ್ಷ ಕೇಳುತ್ತೀರಿ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಎಂದು. ತಿಗಳರ ಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುವುದು ಮಧ್ಯರಾತ್ರಿ ದಾಟಿದ ಮೇಲೆ, ನೂಕುನುಗ್ಗಲು ಕೇಳಲೇಬೇಡಿ. ಚಿಕ್ಕ ಮಕ್ಕಳಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕರಗಕ್ಕೆ ಮುಂಚಿನ ದಿನಗಳಲ್ಲಿ ಸಂಜೆ ಹೊತ್ತು ದೇವಸ್ಥಾನಕ್ಕೆ ಹೋಗಿ ಬನ್ನಿ. ಕತ್ತಿ ಹಿಡಿದ ವೀರಕುಮಾರರು ಯಾರು, ದ್ರೌಪದಿಯ ಕಥೆ ಇಲ್ಲಿ ಹೇಗೆ ಬಂತು, ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೆ ಹೋಗಿ ಬರುವ ಪದ್ಧತಿ ಏನು ಅಂತ ಅಲ್ಲಿನ ಹಿರಿಯರೇ ಹೇಳುತ್ತಾರೆ. ಪೇಟೆಯವರು ಮಾತಿಗೆ ಬಡವರಲ್ಲ.

ಯಾರೂ ಪ್ರಬಂಧ ಬರೆಸಬೇಡಿ, ಪ್ರಾಜೆಕ್ಟ್ ಚಾರ್ಟ್ ಬೇಡ. ಮೊಬೈಲಿನಲ್ಲಿ ಬೋರ್ಡುಗಳ ಫೋಟೋ ಹೊಡೆದುಕೊಂಡು ಬಂದು ಮನೆಯಲ್ಲಿ ನಕಲು ಮಾಡುವುದಂತೂ ಖಂಡಿತ ಬೇಡ. ನೋಡಿದ ಒಂದು ವಸ್ತುವಿನ ಚಿತ್ರ ಬರೆದರೆ ಸಾಕು, ವಕ್ರವಾಗಿದ್ದರೂ ಪರವಾಗಿಲ್ಲ.

ಶಾಲೆ ಮತ್ತೆ ಶುರುವಾದ ಮೇಲೆ ಜೂನ್ ಮೊದಲ ವಾರ ಹಾಲ್‌ನಲ್ಲಿ ಒಂದು ಸಣ್ಣ ಪ್ರದರ್ಶನ ಇಡುತ್ತೇವೆ. ಮನೆಯಲ್ಲಿರುವ ಒಂದು ಹಳೇ ವಸ್ತುವನ್ನು ಮಗು ತರಬೇಕು. ಪಾವು, ಸೇರು, ಚಟಾಕು, ಹಳೇ ರೇಡಿಯೋ ಲೈಸೆನ್ಸ್ ಪುಸ್ತಕ, ತಾತನ ಮಿಲ್ಲಿನ ಗುರುತಿನ ಚೀಟಿ, ಏನಾದರೂ ಸರಿ. ಅದು ಯಾರದ್ದು, ಯಾವಾಗ ಕೊಂಡದ್ದು, ಯಾವಾಗ ಬಳಸುವುದು ಬಿಟ್ಟರು ಎಂದು ಅಜ್ಜಿ ತಾತನ ಬಾಯಿಂದಲೇ ಕೇಳಿಕೊಂಡು ಬರಲಿ. ರಜೆಯಲ್ಲಿ ಊರಿಗೆ ಹೋದಾಗ ಮರೆಯಬೇಡಿ. ಚಿನ್ನ ಬೆಳ್ಳಿ ಕಳಿಸಬೇಡಿ, ಕಳೆದರೆ ಜವಾಬ್ದಾರಿ ನಮ್ಮಿಂದ ಆಗುವುದಿಲ್ಲ. ಒರಳು ಕಲ್ಲು ಹೊರಿಸಿಯೂ ಕಳಿಸಬೇಡಿ, ಫೋಟೋ ಸಾಕು.

ಶನಿವಾರ ಮಕ್ಕಳು ಸಮವಸ್ತ್ರದಲ್ಲಿ ಬರಲಿ. ಟೋಪಿ, ನೀರಿನ ಬಾಟಲಿ, ಡಬ್ಬಿಯಲ್ಲಿ ಚಿತ್ರಾನ್ನವೋ ಮೊಸರನ್ನವೋ ಇರಲಿ. ಚಿಪ್ಸ್ ಪ್ಯಾಕೆಟ್ ಬೇಡ. ಮೆಟ್ರೋ ಖರ್ಚು ಶಾಲೆಯದ್ದು. ಮಧ್ಯಾಹ್ನ ಒಂದು ಗಂಟೆಗೆ ಅದೇ ನಿಲ್ದಾಣದಲ್ಲಿ ಬಂದು ಕರೆದುಕೊಂಡು ಹೋಗಿ. ಬೇರೆಯವರನ್ನು ಕಳಿಸುವುದಾದರೆ ಒಪ್ಪಿಗೆ ಚೀಟಿಯಲ್ಲಿ ಅವರ ಹೆಸರು ಬರೆಯಿರಿ. ಚೀಟಿ ಬುಧವಾರದೊಳಗೆ ಕ್ಲಾಸ್ ಟೀಚರ್ ಕೈಗೆ ಸೇರಬೇಕು. ರಸ್ತೆ ದಾಟಿಸಲು ಪೇಟೆ ಕಡೆಯ ದಾರಿ ಬಲ್ಲ ಇಬ್ಬರು ಮೂವರು ಪೋಷಕರು ಜೊತೆಗೆ ಬಂದರೆ ನಮಗೆ ಧೈರ್ಯ. ಬರುವವರು ಗುರುವಾರ ಆಫೀಸಿಗೆ ಒಂದು ಮಾತು ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ